ಫ್ರಾನ್ಸಿಸ್ ಹೊರಟುಹೋದ ಮೇಲೆ

ಕೆಲಸದ ಸ್ಥಳದಲ್ಲಿ ವರ್ಷಗಟ್ಟಲೆ ನಮ್ಮನ್ನು ಕಾಡಿದ ಸಹೋದ್ಯೋಗಿಯೊಬ್ಬರು ವರ್ಗವಾಗಿಯೋ ರಾಜೀನಾಮೆ ಕೊಟ್ಟೋ ಹೊರಟುಹೋದ ಮರುದಿನ ಕಚೇರಿಯ ಗಾಳಿಯೇ ಹಗುರವಾದಂತೆ ತೋರುತ್ತದೆ. ಮುಂದಿಟ್ಟ ಪ್ರತಿಯೊಂದು ಕಡತಕ್ಕೂ ಆಕ್ಷೇಪ ಬರೆಯುತ್ತಿದ್ದ, ಆಡಿದ ಪ್ರತಿಯೊಂದು ಮಾತಿನಲ್ಲೂ ಹುಳುಕು ಹುಡುಕುತ್ತಿದ್ದ ವ್ಯಕ್ತಿಯ ಕುರ್ಚಿ ಖಾಲಿಯಾಗಿರುತ್ತದೆ. ಬೀಳ್ಕೊಡುಗೆಯ ಸಭೆಯಲ್ಲಿ ಹಾರ ಹಾಕಿ ನಾಲ್ಕು ಒಳ್ಳೆಯ ಮಾತನಾಡಿದವರೇ ಚಹಾದ ಹೊತ್ತಿಗೆ ‘ಅಂತೂ ಕಾಟ ತಪ್ಪಿತು’ ಎಂದು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಾರೆ. ಆ ನೆಮ್ಮದಿ ಸುಳ್ಳಲ್ಲ. ದಿನವೂ ಎಂಟು ಗಂಟೆ ಹಗೆಯ ನೆರಳಿನಲ್ಲಿ ಕುಳಿತು ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಇತಿಹಾಸದ ಪುಸ್ತಕಗಳು ಯುದ್ಧಗಳನ್ನೂ ಒಪ್ಪಂದಗಳನ್ನೂ ದಾಖಲಿಸುವಷ್ಟು ಶ್ರದ್ಧೆಯಿಂದ ಇಂತಹ ಸಣ್ಣ ಭಾವಗಳನ್ನು ದಾಖಲಿಸುವುದಿಲ್ಲ. ಆದರೂ ಒಂದು ಪ್ರಸಂಗದಲ್ಲಿ ಆ ನಿಟ್ಟುಸಿರು ನಮ್ಮ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. 1780ರ ಡಿಸೆಂಬರ್ ತಿಂಗಳಲ್ಲಿ ಫಿಲಿಪ್ ಫ್ರಾನ್ಸಿಸ್ ಎಂಬವನು ಕಲಕತ್ತೆಯನ್ನು ಬಿಟ್ಟು ಇಂಗ್ಲೆಂಡಿಗೆ ಹಡಗು ಹತ್ತಿದನು. ಅವನು ಹೊರಡುವ ಸುದ್ದಿ ಖಚಿತವಾದಾಗ ಬಂಗಾಳದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ತನ್ನ ಪತ್ರವೊಂದರಲ್ಲಿ, ತನ್ನ ರಾಜಕೀಯ ಜೀವನದ ಒಂದು ಘಟ್ಟ ಮುಗಿದು ಇನ್ನೊಂದು ಆರಂಭವಾಗುತ್ತಿದೆ ಎಂದು ಬರೆದನು. ಇನ್ನು ತನ್ನ ಯೋಜನೆಗಳಿಗೆ ಅಡ್ಡ ನಿಲ್ಲುವವರಿಲ್ಲ, ಅಧಿಕಾರ ತನ್ನ ಕೈಯಲ್ಲಿರುತ್ತದೆ, ಅದನ್ನು ತಾನು ಬಳಸುತ್ತೇನೆ ಎಂಬುದು ಅದರ ಸಾರ. ಆರು ವರ್ಷಗಳ ಬಳಿಕ ಬಿಟ್ಟ ಉಸಿರು ಅದು. ಆ ನೆಮ್ಮದಿಗೆ ಬೆಲೆ ತೆತ್ತವರು ಯಾರು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಈ ಜಗಳದ ಬೀಜ ಒಂದು ಕಾಯಿದೆಯಲ್ಲಿತ್ತು. 1773ರ ರೆಗ್ಯುಲೇಟಿಂಗ್ ಕಾಯಿದೆಯು ಬಂಗಾಳದ ಗವರ್ನರನನ್ನು ಗವರ್ನರ್ ಜನರಲ್ ಎಂದು ಕರೆದು, ಮುಂಬಯಿ ಮತ್ತು ಮದರಾಸು ಸರಕಾರಗಳ ಮೇಲೆ ಅವನಿಗೆ ಒಂದು ಬಗೆಯ ಮೇಲ್ವಿಚಾರಣೆಯನ್ನು ಕೊಟ್ಟಿತು. ಆದರೆ ಅವನ ಜೊತೆಗೆ ನಾಲ್ವರು ಸದಸ್ಯರ ಕೌನ್ಸಿಲ್ ಒಂದನ್ನು ಇರಿಸಿ, ಎಲ್ಲ ತೀರ್ಮಾನವೂ ಬಹುಮತದಿಂದಲೇ ಆಗಬೇಕೆಂದು ವಿಧಿಸಿತು. ಮತಗಳು ಸಮನಾದಾಗ ಮಾತ್ರ ಗವರ್ನರ್ ಜನರಲ್‌ಗೆ ನಿರ್ಣಾಯಕ ಮತ. ಹೆಸರಿಗೆ ಒಡೆಯನಾದವನು ಐವರಲ್ಲಿ ಒಬ್ಬನಾಗಿ ಕೂರಬೇಕಾಯಿತು. ಅವನಿಗೆ ವರ್ಷಕ್ಕೆ 25,000 ಪೌಂಡು ಸಂಬಳ, ಉಳಿದವರಿಗೆ ತಲಾ 10,000. ಆ ನಾಲ್ವರಲ್ಲಿ ರಿಚರ್ಡ್ ಬಾರ್‌ವೆಲ್ ಮೊದಲೇ ಬಂಗಾಳದಲ್ಲಿದ್ದ ಕಂಪನಿಯ ನೌಕರ. ಉಳಿದ ಮೂವರು, ಅಂದರೆ ಜನರಲ್ ಕ್ಲೇವರಿಂಗ್, ಕರ್ನಲ್ ಮಾನ್ಸನ್ ಮತ್ತು ಫ್ರಾನ್ಸಿಸ್, ಇಂಗ್ಲೆಂಡಿನಿಂದ ಬಂದವರು.

1774ರ ಅಕ್ಟೋಬರ್‌ನಲ್ಲಿ ಈ ಮೂವರು ಕಲಕತ್ತೆಯಲ್ಲಿ ಇಳಿದಾಗ ಕೋಟೆಯಿಂದ 17 ಕುಶಾಲು ತೋಪುಗಳು ಹಾರಿದವು. ಅವರು ನಿರೀಕ್ಷಿಸಿದ್ದುದು 21. ನಾಲ್ಕು ತೋಪುಗಳ ಕೊರತೆಯಿಂದ ಆರಂಭವಾದ ಅಸಮಾಧಾನ ಮುಂದಿನ ಕೆಲವೇ ದಿನಗಳಲ್ಲಿ ಕೌನ್ಸಿಲ್ಲಿನ ಮೇಜಿನ ಮೇಲೆ ಬಂದು ಕುಳಿತಿತು. ಮೂರು ಮತ ಒಂದು ಕಡೆ, ಹೇಸ್ಟಿಂಗ್ಸ್ ಮತ್ತು ಬಾರ್‌ವೆಲ್‌ರ ಎರಡು ಮತ ಇನ್ನೊಂದು ಕಡೆ. ರೋಹಿಲಾ ಯುದ್ಧದ ವಿಚಾರವನ್ನು ಕೆದಕಿದರು. ಅವಧ್ ಸಂಸ್ಥಾನದಲ್ಲಿ ಹೇಸ್ಟಿಂಗ್ಸ್ ನೇಮಿಸಿದ್ದ ಪ್ರತಿನಿಧಿಯನ್ನು ಹಿಂದಕ್ಕೆ ಕರೆಸಿದರು. ಅವನ ಹಳೆಯ ಲೆಕ್ಕಪತ್ರಗಳನ್ನು ಶೋಧಿಸತೊಡಗಿದರು. ಗವರ್ನರ್ ಜನರಲ್ ತನ್ನ ಕಚೇರಿಯಲ್ಲಿ ತಾನೇ ಅಲ್ಪಸಂಖ್ಯಾತನಾದನು.

ಇಬ್ಬರು ಮುಖ್ಯ ಎದುರಾಳಿಗಳೂ ಸಾಮಾನ್ಯರಾಗಿರಲಿಲ್ಲ. 1732ರಲ್ಲಿ ಹುಟ್ಟಿದ ಹೇಸ್ಟಿಂಗ್ಸ್ ಹದಿಹರೆಯದಲ್ಲಿಯೇ ಕಂಪನಿಯ ಗುಮಾಸ್ತನಾಗಿ ಬಂಗಾಳಕ್ಕೆ ಬಂದು, ಫಾರಸಿ ಕಲಿತು, ಈ ನೆಲದ ವ್ಯವಹಾರವನ್ನು ಬುಡದಿಂದ ಬಲ್ಲವನಾಗಿದ್ದನು. ಮುಂದೆ ವಿಲಿಯಂ ಜೋನ್ಸ್‌ನ ಏಷ್ಯಾಟಿಕ್ ಸೊಸೈಟಿಗೂ ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದಕ್ಕೂ ಬೆಂಬಲವಾಗಿ ನಿಂತವನು ಅವನೇ. 1740ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದ ಫ್ರಾನ್ಸಿಸ್ ಲಂಡನ್ನಿನ ಯುದ್ಧ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ‘ಜೂನಿಯಸ್’ ಎಂಬ ಗುಪ್ತನಾಮದಲ್ಲಿ ಇಂಗ್ಲೆಂಡಿನ ಮಂತ್ರಿಗಳನ್ನೂ ದೊರೆಯನ್ನೂ ಚುಚ್ಚಿದ ಪ್ರಸಿದ್ಧ ಪತ್ರಗಳನ್ನು ಬರೆದವನು ಅವನೇ ಎಂದು ಬಹುಮಂದಿ ವಿದ್ವಾಂಸರು ನಂಬುತ್ತಾರೆ. ಅವನ ಲೇಖನಿ ಹರಿತವಾಗಿತ್ತು, ದ್ವೇಷ ದೀರ್ಘವಾಗಿತ್ತು. ಹೇಸ್ಟಿಂಗ್ಸನನ್ನು ಕೆಳಗಿಳಿಸಿ ಆ ಪೀಠದಲ್ಲಿ ತಾನು ಕೂರಬೇಕೆಂಬ ಆಸೆಯನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಹಾಗೆಂದು ಅವನನ್ನು ಬರಿಯ ಕಿರುಕುಳದ ಮನುಷ್ಯನೆಂದು ತಳ್ಳಿಹಾಕುವಂತಿಲ್ಲ. ಬಂಗಾಳದ ಭೂಕಂದಾಯವನ್ನು ಶಾಶ್ವತವಾಗಿ ನಿಗದಿಪಡಿಸಬೇಕೆಂದು 1776ರಲ್ಲಿಯೇ ಅವನು ವಿಸ್ತಾರವಾದ ಯೋಜನೆಯೊಂದನ್ನು ಮಂಡಿಸಿದ್ದನು. ಅದರ ಗುಣದೋಷ ಏನೇ ಇರಲಿ, 1793ರ ಕಾಯಂ ಜಮೀನ್ದಾರಿ ಪದ್ಧತಿಯ ವಿಚಾರಮೂಲವನ್ನು ಹುಡುಕುತ್ತಾ ಹೊರಟ ಇತಿಹಾಸಕಾರ ರಣಜಿತ್ ಗುಹಾ ಫ್ರಾನ್ಸಿಸನ ಬರಹಗಳ ಮುಂದೆ ದೀರ್ಘಕಾಲ ನಿಲ್ಲಬೇಕಾಯಿತು.

ಇಬ್ಬರು ಸಮರ್ಥರು ಹಗೆತನಕ್ಕೆ ನಿಂತಾಗ ಮೊದಲು ನಲುಗುವವರು ಮೂರನೆಯವರು. ಮಹಾರಾಜ ನಂದಕುಮಾರನ ಕಥೆ ಇದಕ್ಕೆ ಸಾಕ್ಷಿ. ಹೇಸ್ಟಿಂಗ್ಸ್ ಲಂಚ ತೆಗೆದುಕೊಂಡಿದ್ದಾನೆಂದು ನಂದಕುಮಾರ ಬರೆದುಕೊಟ್ಟ ದೂರನ್ನು 1775ರ ಮಾರ್ಚ್‌ನಲ್ಲಿ ಕೌನ್ಸಿಲ್ಲಿನ ಮುಂದಿಟ್ಟವನು ಫ್ರಾನ್ಸಿಸ್. ಎರಡು ತಿಂಗಳೊಳಗೆ ನಂದಕುಮಾರನ ಮೇಲೆ ಹಳೆಯ ಖೊಟ್ಟಿ ದಸ್ತಾವೇಜಿನ ಮೊಕದ್ದಮೆ ಎದ್ದಿತು. ಸುಪ್ರೀಂ ಕೋರ್ಟು ಇಂಗ್ಲೆಂಡಿನ ಕಾನೂನಿನಂತೆ ಮರಣದಂಡನೆ ವಿಧಿಸಿತು. ಆಗಸ್ಟ್ 5ರಂದು ಅವನನ್ನು ಗಲ್ಲಿಗೇರಿಸಲಾಯಿತು. ಅವನನ್ನು ಮುಂದೆ ಬಿಟ್ಟು ಹೋರಾಡಿದ ಮೂವರು ಅವನ ಜೀವ ಉಳಿಸಲು ಬೆರಳೆತ್ತಲಿಲ್ಲ. ಸಾಯುವ ಮುನ್ನ ಅವನು ಕ್ಲೇವರಿಂಗ್‌ಗೆ ಕಳಿಸಿದ್ದ ಅರ್ಜಿ ಅವನು ಸತ್ತ ಮೇಲೆ ಕೌನ್ಸಿಲ್ಲಿಗೆ ಬಂತು. ಅದನ್ನು ಸಾರ್ವಜನಿಕವಾಗಿ ಸುಡಿಸಬೇಕೆಂದು ಸೂಚಿಸಿದವನು ಸ್ವತಃ ಫ್ರಾನ್ಸಿಸ್. ಮುಂದೆ ಅವನು ನ್ಯಾಯದ ಪಕ್ಷಪಾತಿಯಂತೆ ಕಾಣಿಸಿಕೊಳ್ಳುವಾಗ ಓದುಗರು ಈ ಸಂಗತಿಯನ್ನು ಮರೆಯಬಾರದು.

ಮೇಜಿನ ಸುತ್ತಲಿನ ಲೆಕ್ಕವನ್ನು ಮೊದಲು ಬದಲಿಸಿದ್ದು ಬಂಗಾಳದ ಹವೆ. 1776ರ ಸೆಪ್ಟೆಂಬರ್‌ನಲ್ಲಿ ಮಾನ್ಸನ್ ತೀರಿಕೊಂಡನು. ಎರಡಕ್ಕೆ ಎರಡು ಮತವಾದಾಗ ಹೇಸ್ಟಿಂಗ್ಸನ ನಿರ್ಣಾಯಕ ಮತಕ್ಕೆ ಜೀವ ಬಂತು. ಮರುವರ್ಷ ಇನ್ನೊಂದು ವಿಚಿತ್ರ ನಡೆಯಿತು. ಲಂಡನ್ನಿನಲ್ಲಿದ್ದ ಹೇಸ್ಟಿಂಗ್ಸನ ಪ್ರತಿನಿಧಿ ಅವನ ಪರವಾಗಿ ರಾಜೀನಾಮೆ ಸಲ್ಲಿಸಿಬಿಟ್ಟಿದ್ದನು. ಆ ಸುದ್ದಿ ಬಂದೊಡನೆ 1777ರ ಜೂನ್‌ನಲ್ಲಿ ಕ್ಲೇವರಿಂಗ್ ತಾನೇ ಗವರ್ನರ್ ಜನರಲ್ ಎಂದು ಘೋಷಿಸಿಕೊಂಡು ಕೋಟೆಯ ಬೀಗದ ಕೈ ಕೇಳಿದನು. ತಾನು ರಾಜೀನಾಮೆ ಕೊಟ್ಟಿಲ್ಲವೆಂದು ಹೇಸ್ಟಿಂಗ್ಸ್ ಪಟ್ಟು ಹಿಡಿದನು. ಒಂದೇ ಊರಿನಲ್ಲಿ ಒಂದೇ ಹುದ್ದೆಗೆ ಇಬ್ಬರು ಆದೇಶ ಹೊರಡಿಸುವ ಸ್ಥಿತಿ ಬಂದಾಗ ಸುಪ್ರೀಂ ಕೋರ್ಟು ಹೇಸ್ಟಿಂಗ್ಸನ ಪರವಾಗಿ ಹೇಳಿತು. ಆಗಸ್ಟ್ ಕೊನೆಗೆ ಕ್ಲೇವರಿಂಗ್ ಕೂಡ ತೀರಿಕೊಂಡನು. ಮೂವರಲ್ಲಿ ಉಳಿದವನು ಫ್ರಾನ್ಸಿಸ್ ಒಬ್ಬನೇ. ಹೊಸದಾಗಿ ಬಂದ ಎಡ್ವರ್ಡ್ ವೀಲರ್ ಮೊದಮೊದಲು ಅವನ ಜೊತೆಗೆ ಸೇರಿದನು.

ಈ ಹೊತ್ತಿಗೆ ಮನೆಯೊಳಗಿನ ಜಗಳ ಹೊರಗಿನ ಯುದ್ಧಗಳೊಡನೆ ಹೆಣೆದುಕೊಂಡಿತ್ತು. ಮುಂಬಯಿ ಸರಕಾರವು ರಘುನಾಥರಾಯನ ಪಕ್ಷ ವಹಿಸಿ 1775ರಲ್ಲಿ ಸೂರತ್ ಒಪ್ಪಂದ ಮಾಡಿಕೊಂಡು ಮರಾಠರೊಡನೆ ಯುದ್ಧ ಹೂಡಿತ್ತು. ಕಲಕತ್ತೆಯ ಕೌನ್ಸಿಲ್ ಮೊದಲು ಅದನ್ನು ತಳ್ಳಿಹಾಕಿ ಪುರಂದರ ಒಪ್ಪಂದ ಮಾಡಿತು, ಆಮೇಲೆ ಮತ್ತೆ ಯುದ್ಧಕ್ಕೇ ತಿರುಗಿತು. ಪುಣೆ ಮುಂಬಯಿಗಳ ನಡುವೆ ರೈಲಿನಲ್ಲಿ ಓಡಾಡುವ ನಮ್ಮ ಓದುಗರಿಗೆ ವಡಗಾಂವ್ ನಿಲ್ದಾಣ ಪರಿಚಿತವಿರಬಹುದು. 1779ರ ಜನವರಿಯಲ್ಲಿ ಮುಂಬಯಿಯ ಸೇನೆ ಮರಾಠರಿಗೆ ತಲೆಬಾಗಿ ಕರಾರು ಬರೆದುಕೊಟ್ಟದ್ದು ಆ ಊರಿನಲ್ಲಿ. ಆ ಅವಮಾನವನ್ನು ತೊಳೆಯಲು ಹೇಸ್ಟಿಂಗ್ಸ್ ಯುದ್ಧವನ್ನು ಮುಂದುವರಿಸಬಯಸಿದನು. ಫ್ರಾನ್ಸಿಸ್ ಅದರ ಖರ್ಚನ್ನೂ ಉಚಿತತೆಯನ್ನೂ ಪ್ರಶ್ನಿಸಿದನು.

1780ರ ಆರಂಭದಲ್ಲಿ ಇಬ್ಬರ ನಡುವೆ ಒಂದು ರಾಜಿಯಾಯಿತು. ಮರಾಠಾ ಯುದ್ಧದ ವಿಚಾರದಲ್ಲಿ ಫ್ರಾನ್ಸಿಸ್ ತನಗೆ ಅಡ್ಡಿಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದಾನೆಂದು ಹೇಸ್ಟಿಂಗ್ಸ್ ನಂಬಿದನು. ಆ ನಂಬಿಕೆಯಿಂದಲೇ ತನ್ನ ಏಕೈಕ ಬೆಂಬಲಿಗ ಬಾರ್‌ವೆಲ್ ಸ್ವದೇಶಕ್ಕೆ ಹೊರಡಲು ಒಪ್ಪಿದನು. ಬಾರ್‌ವೆಲ್ ಹೋದ ಕೆಲವು ತಿಂಗಳಲ್ಲೇ ಫ್ರಾನ್ಸಿಸ್ ಯುದ್ಧದ ಹೊಸ ಯೋಜನೆಯನ್ನು ವಿರೋಧಿಸಿದನು. ಅಂತಹ ಮಾತನ್ನೇ ತಾನು ಕೊಟ್ಟಿರಲಿಲ್ಲವೆಂದನು. ಯಾರ ನೆನಪು ಸರಿ ಎಂಬುದು ಇಂದಿಗೂ ಚರ್ಚೆಯ ವಿಷಯ. ಹೇಸ್ಟಿಂಗ್ಸ್ ಆಗಸ್ಟ್ ನಡುವಿನಲ್ಲಿ ಒಂದು ಟಿಪ್ಪಣಿಯನ್ನು ಅವನಿಗೆ ಕಳಿಸಿದನು. ಫ್ರಾನ್ಸಿಸನ ಖಾಸಗಿ ನಡತೆಯಲ್ಲಿ ಸತ್ಯವೂ ಇಲ್ಲ ಮರ್ಯಾದೆಯೂ ಇಲ್ಲ, ಸಾರ್ವಜನಿಕ ನಡತೆಯೂ ಹಾಗೆಯೇ ಎಂಬುದು ಅದರ ತಾತ್ಪರ್ಯ. ಅದು ಕೌನ್ಸಿಲ್ಲಿನ ಅಧಿಕೃತ ದಾಖಲೆಗೆ ಸೇರಬೇಕಾದ ಟಿಪ್ಪಣಿ ಎಂಬುದನ್ನು ಗಮನಿಸಬೇಕು. ಅದನ್ನು ಓದಿದವನು ಏನು ಮಾಡುವನೆಂದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಸಭೆ ಮುಗಿದ ಮೇಲೆ ಫ್ರಾನ್ಸಿಸ್ ಅವನನ್ನು ಪಕ್ಕಕ್ಕೆ ಕರೆದು ದ್ವಂದ್ವಯುದ್ಧಕ್ಕೆ ಆಹ್ವಾನಿಸಿದನು.

1780ರ ಆಗಸ್ಟ್ 17ರ ನಸುಕಿನಲ್ಲಿ, ಕಲಕತ್ತೆಯ ಆಲಿಪುರದ ಬೆಲ್ವಿಡೇರ್ ಭವನದ ಬಳಿ, ಬ್ರಿಟಿಷ್ ಭಾರತದ ಇಬ್ಬರು ಅತ್ಯುನ್ನತ ಅಧಿಕಾರಿಗಳು ಹದಿನಾಲ್ಕು ಹೆಜ್ಜೆಯ ಅಂತರದಲ್ಲಿ ಪಿಸ್ತೂಲು ಹಿಡಿದು ನಿಂತರು. ಕರ್ನಲ್ ಪಿಯರ್ಸ್ ಹೇಸ್ಟಿಂಗ್ಸನ ಕಡೆಯ ಸಾಕ್ಷಿ, ಕರ್ನಲ್ ವಾಟ್ಸನ್ ಫ್ರಾನ್ಸಿಸನ ಕಡೆಯವನು. ಫ್ರಾನ್ಸಿಸನ ಪಿಸ್ತೂಲಿನ ಮದ್ದು ಒದ್ದೆಯಾಗಿ ಮೊದಲು ಹಾರಲಿಲ್ಲ. ಹೊಸ ಮದ್ದು ತುಂಬಿಸಿಕೊಟ್ಟರು. ಆಮೇಲೆ ಅವನ ಗುಂಡು ಗುರಿ ತಪ್ಪಿತು, ಹೇಸ್ಟಿಂಗ್ಸನ ಗುಂಡು ಅವನ ಬಲಪಕ್ಕಕ್ಕೆ ಹೊಕ್ಕಿತು. ಗಾಯ ಮಾರಕವಾಗಿರಲಿಲ್ಲ. ಹೇಸ್ಟಿಂಗ್ಸ್ ಅವನನ್ನು ನೋಡಲು ಬರುವುದಾಗಿ ಹೇಳಿಕಳಿಸಿದಾಗ ಫ್ರಾನ್ಸಿಸ್ ಸೌಜನ್ಯದಿಂದಲೇ ನಿರಾಕರಿಸಿದನು. ಇನ್ನು ನಮ್ಮ ಭೇಟಿ ಕೌನ್ಸಿಲ್ಲಿನ ಮೇಜಿನ ಮುಂದೆ ಮಾತ್ರ ಎಂಬುದು ಅವನ ಉತ್ತರ. ಕೆಲವು ವಾರಗಳ ಬಳಿಕ ಅವನು ಅದೇ ಮೇಜಿಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತನು. ಹಿಂದಿನ ತಿಂಗಳು ತನ್ನನ್ನು ಗುಂಡಿಕ್ಕಿದವನ ಎದುರಿಗೆ ಕುಳಿತು ಕಡತ ನೋಡುವ ಆ ಸಭೆಗಳನ್ನು ಕಲ್ಪಿಸಿಕೊಂಡರೆ, ನಮ್ಮ ಕಚೇರಿಗಳ ಮನಸ್ತಾಪಗಳು ಹಗುರವಾಗಿ ಕಾಣುತ್ತವೆ.

ಇವರು ಪಿಸ್ತೂಲು ಹಿಡಿದು ನಿಂತಿದ್ದ ಹೊತ್ತಿನಲ್ಲಿ ದಕ್ಷಿಣದಲ್ಲಿ ಹೈದರಲಿಯ ಸೇನೆ ಘಟ್ಟವಿಳಿದು ಕರ್ನಾಟಿಕ್ ಬಯಲನ್ನು ವ್ಯಾಪಿಸಿತ್ತು. ದ್ವಂದ್ವಯುದ್ಧ ನಡೆದು ಒಂದು ತಿಂಗಳೂ ಕಳೆಯುವ ಮುನ್ನ, ಸೆಪ್ಟೆಂಬರ್ 10ರಂದು, ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸಂಪೂರ್ಣವಾಗಿ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿರುವ ಚಿತ್ರವನ್ನು ನಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ಆ ಸೋಲಿನ ಸುದ್ದಿ ಕಲಕತ್ತೆಗೆ ಬಂದಾಗ ಹೇಸ್ಟಿಂಗ್ಸ್ ತನ್ನ ಸಾಮರ್ಥ್ಯದ ಉತ್ತಮ ಭಾಗವನ್ನು ತೋರಿದನು. ಮದರಾಸಿನ ಗವರ್ನರನನ್ನು ಅಮಾನತುಗೊಳಿಸಿ, ಸರ್ ಐರ್ ಕೂಟ್‌ನನ್ನು ಹಣದೊಡನೆ ಸೇನೆಯೊಡನೆ ದಕ್ಷಿಣಕ್ಕೆ ಕಳಿಸಬೇಕೆಂದನು. ಗಾಯ ಮಾಗಿ ಬಂದಿದ್ದ ಫ್ರಾನ್ಸಿಸ್ ಇದನ್ನೂ ವಿರೋಧಿಸಿದನು. ಬಹುಮತ ಹೇಸ್ಟಿಂಗ್ಸನ ಕಡೆಗೆ ನಿಂತಿತು. ಕಂಪನಿಯ ದೃಷ್ಟಿಯಿಂದ ನೋಡಿದರೆ, ಇಂತಹ ಗಳಿಗೆಯಲ್ಲೂ ಅಡ್ಡಗಾಲು ಹಾಕುವ ಸಹೋದ್ಯೋಗಿಯನ್ನು ಸಹಿಸುವುದು ಕಷ್ಟವೇ ಸರಿ. ಬಹುಮತವೂ ಇಲ್ಲ, ಆರೋಗ್ಯವೂ ಇಲ್ಲ ಎಂದಾದ ಮೇಲೆ ಫ್ರಾನ್ಸಿಸ್ ಡಿಸೆಂಬರ್‌ನಲ್ಲಿ ಹೊರಟನು. ಹೇಸ್ಟಿಂಗ್ಸ್ ನಿಟ್ಟುಸಿರು ಬಿಟ್ಟನು. ಇಲ್ಲಿಯವರೆಗೆ ಓದಿದವರಿಗೂ ಆ ನಿಟ್ಟುಸಿರು ನ್ಯಾಯವೆಂದೇ ತೋರಬಹುದು.

ಈಗ ಆ ಮೇಜನ್ನು ಒಮ್ಮೆ ನೋಡೋಣ. ಕೂಟ್ ಮದರಾಸಿನಲ್ಲಿ ಹೈದರನ ಎದುರು ಯುದ್ಧದಲ್ಲಿದ್ದಾನೆ. ಬಾರ್‌ವೆಲ್ ಹೋಗಿದ್ದಾನೆ, ಫ್ರಾನ್ಸಿಸ್ ಹೋಗಿದ್ದಾನೆ. ಉಳಿದವರು ಹೇಸ್ಟಿಂಗ್ಸ್ ಮತ್ತು ವೀಲರ್ ಇಬ್ಬರೇ. ಫ್ರಾನ್ಸಿಸನ ಬಲವಿಲ್ಲದ ವೀಲರ್ ಹೇಸ್ಟಿಂಗ್ಸನ ಇಚ್ಛೆಗೆ ಹೊಂದಿಕೊಂಡನು. 1781ರ ಜುಲೈಯಲ್ಲಿ ಹೇಸ್ಟಿಂಗ್ಸ್ ಕಲಕತ್ತೆಯಿಂದ ಕಾಶಿಯ ಕಡೆಗೆ ಹೊರಟಾಗ ಕೌನ್ಸಿಲ್ಲಿನ ಪೂರ್ಣಾಧಿಕಾರವನ್ನೂ ತನ್ನ ಜೊತೆಗೇ ಕೊಂಡೊಯ್ದನು. ಅಂದರೆ ಪ್ರಯಾಣದಲ್ಲಿದ್ದ ಒಬ್ಬ ಮನುಷ್ಯನೇ ಕೌನ್ಸಿಲ್ ಆದನು. ಕಂಪನಿಯ ಪದ್ಧತಿಯಂತೆ ಪ್ರತಿಯೊಬ್ಬ ಸದಸ್ಯನ ಭಿನ್ನಮತವೂ ನಡಾವಳಿಯಲ್ಲಿ ದಾಖಲಾಗಬೇಕು, ಅದರ ಪ್ರತಿ ಹಡಗಿನಲ್ಲಿ ಲಂಡನ್ನಿನ ನಿರ್ದೇಶಕರಿಗೆ ಹೋಗಬೇಕು. ಎದುರಿಗೆ ಕುಳಿತವನು ಬರೆದು ಕೇಳುವಾಗ ತನ್ನ ಕಾರಣವನ್ನೂ ಬರೆದು ಹೇಳಬೇಕಾಗುತ್ತದೆ. ಆರು ವರ್ಷ ಹೇಸ್ಟಿಂಗ್ಸ್ ಇದನ್ನು ಹಿಂಸೆಯೆಂದು ಅನುಭವಿಸಿದ್ದನು. ಆ ಹಿಂಸೆ ಈಗ ಇರಲಿಲ್ಲ.

ಯುದ್ಧಗಳಿಗೆ ಹಣ ಬೇಕಿತ್ತು. ಕಾಶಿಯ ರಾಜ ಚೇತ್‌ಸಿಂಗ್ ವರ್ಷಕ್ಕೆ ಸುಮಾರು ಇಪ್ಪತ್ತೆರಡೂವರೆ ಲಕ್ಷ ರೂಪಾಯಿ ಕಪ್ಪ ಕೊಡುತ್ತಿದ್ದನು. ಅದನ್ನು ಸರಿಯಾಗಿ ಸಲ್ಲಿಸುವವರೆಗೆ ಅವನಿಂದ ಬೇರೇನನ್ನೂ ಕೇಳುವುದಿಲ್ಲವೆಂದು 1775ರಲ್ಲಿ ಕೌನ್ಸಿಲ್ ತೀರ್ಮಾನಿಸಿತ್ತು. 1778ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾದಾಗ ಹೇಸ್ಟಿಂಗ್ಸ್ ಐದು ಲಕ್ಷ ಹೆಚ್ಚಿಗೆ ಕೇಳಿದನು, ಮುಂದಿನ ಎರಡು ವರ್ಷವೂ ಕೇಳಿದನು. ಕಂಪನಿಗೆ ಹೀಗೆ ಕೇಳುವ ಹಕ್ಕಿದೆಯೇ ಎಂಬ ಸಂಶಯವನ್ನು ಫ್ರಾನ್ಸಿಸ್ ಆಗ ದಾಖಲಿಸಿದ್ದನು, ಒಲ್ಲದ ಮನಸ್ಸಿನಿಂದ ಒಪ್ಪಿಗೆಯನ್ನೂ ಕೊಟ್ಟಿದ್ದನು. ಆಮೇಲೆ ಕುದುರೆ ಸವಾರರ ಬೇಡಿಕೆ ಬಂತು. ರಾಜ ಹಿಂದೆಗೆದನೆಂದು, ಆ ಅಪರಾಧಕ್ಕಾಗಿ ನಲವತ್ತು ಐವತ್ತು ಲಕ್ಷ ದಂಡ ವಸೂಲು ಮಾಡಿ ಕಂಪನಿಯ ಬಡತನವನ್ನು ತೀರಿಸಬೇಕೆಂದು ಹೇಸ್ಟಿಂಗ್ಸ್ ನಿಶ್ಚಯಿಸಿದನು.

1781ರ ಆಗಸ್ಟ್ 16ರಂದು ಕಾಶಿಯ ಶಿವಾಲಾ ಘಾಟಿನ ಅರಮನೆಯಲ್ಲಿ ರಾಜನನ್ನು ಬಂಧನದಲ್ಲಿರಿಸಲಾಯಿತು. ಕಾವಲಿಗೆ ಹೋದ ಸಿಪಾಯಿಗಳ ಬಳಿ ಮದ್ದುಗುಂಡು ಕೂಡ ಇರಲಿಲ್ಲ. ಊರು ರೊಚ್ಚಿಗೆದ್ದು ಆ ಸಿಪಾಯಿಗಳನ್ನೂ ಅವರ ಅಧಿಕಾರಿಗಳನ್ನೂ ಕೊಂದಿತು. ಚೇತ್‌ಸಿಂಗ್ ಪೇಟಗಳನ್ನು ಗಂಟು ಹಾಕಿದ ಹಗ್ಗ ಹಿಡಿದು ಗಂಗೆಗೆ ಇಳಿದು ದೋಣಿಯಲ್ಲಿ ಪಾರಾದನು. ಗವರ್ನರ್ ಜನರಲ್ ರಾತ್ರೋರಾತ್ರಿ ಚುನಾರ್ ಕೋಟೆಗೆ ಓಡಬೇಕಾಯಿತು. ದಂಗೆಯನ್ನು ಕೊನೆಗೆ ಅಡಗಿಸಿದರು. ಆದರೆ ಬಿಜಯಗಢ ಕೋಟೆಯಲ್ಲಿ ಸಿಕ್ಕಿದ ಸಂಪತ್ತನ್ನು ಸೈನ್ಯವೇ ಹಂಚಿಕೊಂಡಿತು. ಕಂಪನಿಗೆ ಆ ಹಣ ಬರಲಿಲ್ಲ. ಗಾದಿಗೆ ಬಂದ ಹೊಸ ರಾಜನ ಕಪ್ಪವನ್ನು ನಲವತ್ತು ಲಕ್ಷಕ್ಕೆ ಏರಿಸಲಾಯಿತು. ಅದರ ಭಾರ ಕಾಶಿಯ ರೈತರ ಬೆನ್ನಿಗೆ ಬಿತ್ತು.

ಬರಿಗೈಯಾದ ಹೇಸ್ಟಿಂಗ್ಸ್ ಅವಧ್‌ನ ಕಡೆಗೆ ತಿರುಗಿದನು. ಅಲ್ಲಿನ ನವಾಬ ಆಸಫ್ ಉದ್ದೌಲನ ತಾಯಿ ಮತ್ತು ಅಜ್ಜಿ ಫೈಜಾಬಾದಿನಲ್ಲಿದ್ದರು. 1775ರಲ್ಲಿ ತಾಯಿಯಿಂದ ದೊಡ್ಡ ಮೊತ್ತ ಪಡೆದು, ಇನ್ನು ಏನನ್ನೂ ಕೇಳುವುದಿಲ್ಲವೆಂದು ನವಾಬ ಬರೆದುಕೊಟ್ಟಿದ್ದನು. ಆ ಮಾತಿಗೆ ಕಂಪನಿಯೇ ಜಾಮೀನು ನಿಂತಿತ್ತು. ಆಗ ಕೌನ್ಸಿಲ್ಲಿನಲ್ಲಿ ಬಹುಮತವಿದ್ದುದು ಫ್ರಾನ್ಸಿಸನ ಪಕ್ಷಕ್ಕೆ. 1781ರ ಸೆಪ್ಟೆಂಬರಿನ ಚುನಾರ್ ಒಪ್ಪಂದದಲ್ಲಿ ಆ ಜಾಮೀನು ಗಾಳಿಗೆ ತೂರಿಹೋಯಿತು. ಬೇಗಮರು ಚೇತ್‌ಸಿಂಗನ ದಂಗೆಗೆ ನೆರವಾದರೆಂಬುದು ಹೇಸ್ಟಿಂಗ್ಸ್ ಕೊಟ್ಟ ಕಾರಣ. 1782ರ ಜನವರಿಯಲ್ಲಿ ಫೈಜಾಬಾದಿಗೆ ಸೈನ್ಯ ಹೋಯಿತು. ಬೇಗಮರ ವ್ಯವಹಾರ ನೋಡಿಕೊಳ್ಳುತ್ತಿದ್ದ ಜವಾಹಿರ್ ಅಲಿ ಖಾನ್ ಮತ್ತು ಬಹಾರ್ ಅಲಿ ಖಾನ್ ಎಂಬ ಇಬ್ಬರು ಖೋಜಾ ಅಧಿಕಾರಿಗಳಿಗೆ ಬೇಡಿ ತೊಡಿಸಿ, ತಿಂಗಳುಗಟ್ಟಲೆ ಸೆರೆಯಲ್ಲಿಟ್ಟು ಹಣ ಹೊರಡಿಸಲಾಯಿತು.

ಇದೇ ಅವಧಿಯಲ್ಲಿ ಇನ್ನೊಂದು ಬಾಯಿಯೂ ಮುಚ್ಚಿತು. 1780ರ ಜನವರಿಯಲ್ಲಿ ಜೇಮ್ಸ್ ಅಗಸ್ಟಸ್ ಹಿಕ್ಕಿ ಕಲಕತ್ತೆಯಲ್ಲಿ ಭಾರತದ ಮೊದಲ ಮುದ್ರಿತ ವೃತ್ತಪತ್ರಿಕೆಯನ್ನು ಆರಂಭಿಸಿ, ಹೇಸ್ಟಿಂಗ್ಸನನ್ನೂ ಅವನ ಬಳಗವನ್ನೂ ಚುಚ್ಚುತ್ತಿದ್ದನು. ಫ್ರಾನ್ಸಿಸ್ ಹೊರಡುವ ಸಿದ್ಧತೆಯಲ್ಲಿದ್ದ ನವೆಂಬರ್‌ನಲ್ಲಿಯೇ ಆ ಪತ್ರಿಕೆಗೆ ಅಂಚೆಯ ಸೌಕರ್ಯವನ್ನು ನಿಲ್ಲಿಸಲಾಯಿತು. ಮರುವರ್ಷ ಹಿಕ್ಕಿ ಸೆರೆಮನೆಗೆ ಹೋದನು. 1782ರಲ್ಲಿ ಅವನ ಅಚ್ಚುಮೊಳೆಗಳನ್ನು ಜಪ್ತಿ ಮಾಡಲಾಯಿತು.

ಫ್ರಾನ್ಸಿಸ್ ಕಲಕತ್ತೆಯಲ್ಲಿಯೇ ಇದ್ದಿದ್ದರೆ ಇವು ನಡೆಯುತ್ತಿರಲಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. ನಂದಕುಮಾರನ ವಿಷಯದಲ್ಲಿ ಅವನು ಹೇಗೆ ನಡೆದುಕೊಂಡನೆಂಬುದನ್ನು ನೋಡಿದ್ದೇವೆ. ಚೇತ್‌ಸಿಂಗನ ಮೇಲಿನ ಕರುಣೆಯಿಂದ ಅವನು ಎದುರು ನಿಲ್ಲುತ್ತಿರಲಿಲ್ಲ. ಹೇಸ್ಟಿಂಗ್ಸನ ಮೇಲಿನ ದ್ವೇಷದಿಂದ ನಿಲ್ಲುತ್ತಿದ್ದನು. ಆದರೆ ಕಾಶಿಯ ಬೀದಿಯಲ್ಲಿ ಸತ್ತ ಸಿಪಾಯಿಗೂ ಫೈಜಾಬಾದಿನಲ್ಲಿ ಬೇಡಿ ತೊಟ್ಟವರಿಗೂ ಆ ವ್ಯತ್ಯಾಸದಿಂದ ಏನಾಗಬೇಕಿತ್ತು? ದಂಡದ ಮೊತ್ತ ಎಷ್ಟು, ಯಾವ ಹಕ್ಕಿನಿಂದ, ಹಳೆಯ ಮಾತು ಏನಾಯಿತು ಎಂದು ಒಬ್ಬನು ಕೆಟ್ಟ ಮನಸ್ಸಿನಿಂದಲೇ ಬರೆದು ಕೇಳಿದ್ದರೂ ಉತ್ತರ ಹುಡುಕಲು ಕೆಲವು ವಾರ ಹಿಡಿಯುತ್ತಿತ್ತು. ಆ ಕೆಲವು ವಾರಗಳು ಹೇಸ್ಟಿಂಗ್ಸನಂತಹ ಬುದ್ಧಿವಂತನಿಗೆ ಮರುಯೋಚನೆಗೆ ಸಾಕಾಗುತ್ತಿದ್ದವೇನೋ. ಹೇಸ್ಟಿಂಗ್ಸನ ಹೆಸರಿಗೆ ಅಂಟಿಕೊಂಡ ಎರಡು ಅತಿ ದೊಡ್ಡ ಕಳಂಕಗಳು ಅವನು ನೆಮ್ಮದಿಯಿಂದ ಉಸಿರಾಡಿದ ಮೊದಲ ಹದಿನಾಲ್ಕು ತಿಂಗಳಲ್ಲಿ ಅಂಟಿದವು ಎಂಬುದು ಮಾತ್ರ ಪಂಚಾಂಗದ ಲೆಕ್ಕ.

ಹೊರಟುಹೋದವನು ಇಲ್ಲವಾದನೆಂದು ತಿಳಿಯುವುದು ಆ ನೆಮ್ಮದಿಯ ಇನ್ನೊಂದು ಭ್ರಮೆ. ಫ್ರಾನ್ಸಿಸ್ 1781ರ ಕೊನೆಗೆ ಲಂಡನ್ ತಲುಪಿದನು. ಆರು ವರ್ಷದ ನೆನಪುಗಳು ಅವನೊಡನೆ ಇದ್ದವು. ಎಡ್ಮಂಡ್ ಬರ್ಕ್ ಅವನ ಮಾತನ್ನು ಗಮನವಿಟ್ಟು ಕೇಳಿದನು. 1784ರಲ್ಲಿ ಫ್ರಾನ್ಸಿಸ್ ಸಂಸತ್ತಿನ ಸದಸ್ಯನಾದನು. 1785ರ ಫೆಬ್ರವರಿಯಲ್ಲಿ ಹೇಸ್ಟಿಂಗ್ಸ್ ಹುದ್ದೆ ಬಿಟ್ಟು ಸ್ವದೇಶಕ್ಕೆ ಹೊರಟಾಗ ತನಗೆ ಬಿರುದು ಬಾವಲಿ ಸಿಗುವುದೆಂದು ನಿರೀಕ್ಷಿಸಿದ್ದಿರಬೇಕು. ಸಿಕ್ಕಿದ್ದು ಆರೋಪಪಟ್ಟಿ. 1786ರ ಜೂನ್‌ನಲ್ಲಿ ಕಾಶಿಯ ಪ್ರಕರಣದ ಮೇಲೆ ಕಾಮನ್ಸ್ ಸಭೆ ಹೇಸ್ಟಿಂಗ್ಸನ ವಿರುದ್ಧ ಮತ ಹಾಕಿತು. ಮರುವರ್ಷದ ಫೆಬ್ರವರಿಯಲ್ಲಿ ಅವಧ್‌ನ ಬೇಗಮರ ಪ್ರಕರಣದ ಮೇಲೆ ಶೆರಿಡನ್ ಐದು ಗಂಟೆಗೂ ಮೀರಿ ಮಾತನಾಡಿದನು. ವೈಯಕ್ತಿಕ ಹಗೆಯಿದೆಯೆಂಬ ಕಾರಣಕ್ಕೆ ಫ್ರಾನ್ಸಿಸನನ್ನು ಅಭಿಯೋಜಕರ ತಂಡದಿಂದ ಸಭೆ ಹೊರಗಿಟ್ಟಿತು. ತೆರೆಯ ಹಿಂದಿನಿಂದ ಸಾಮಗ್ರಿ ಒದಗಿಸುವುದನ್ನು ಯಾರೂ ತಡೆಯಲಿಲ್ಲ. 1788ರ ಫೆಬ್ರವರಿ 13ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಆರಂಭವಾದ ಮಹಾಭಿಯೋಗದ ವಿಚಾರಣೆ 1795ರ ಏಪ್ರಿಲ್ 23ರಂದು ಮುಗಿಯಿತು. ಎಲ್ಲ ಆರೋಪಗಳಿಂದಲೂ ಹೇಸ್ಟಿಂಗ್ಸ್ ಬಿಡುಗಡೆ ಹೊಂದಿದನು. ಅಷ್ಟರಲ್ಲಿ ಏಳು ವರ್ಷ ಕಳೆದಿದ್ದವು, ಅವನ ಉಳಿತಾಯ ವಕೀಲರ ಪಾಲಾಗಿತ್ತು. ಕೌನ್ಸಿಲ್ಲಿನ ಮೇಜಿನಲ್ಲಿ ಆರು ವರ್ಷ ಕೊಡಬೇಕಾಗಿದ್ದ ಉತ್ತರಗಳಿಂದ ತಪ್ಪಿಸಿಕೊಂಡವನು, ದೇಶದ ಮುಂದೆ ಅದಕ್ಕಿಂತ ಹೆಚ್ಚು ಕಾಲ ಉತ್ತರ ಕೊಡಬೇಕಾಯಿತು.

ಈ ಜಗಳದಿಂದ ಬ್ರಿಟಿಷ್ ಸಂಸತ್ತು ಕಲಿತ ಪಾಠವೂ ಕುತೂಹಲಕರ. 1784ರ ಪಿಟ್ ಕಾಯಿದೆ ಕೌನ್ಸಿಲ್ಲನ್ನು ಮೂವರಿಗೆ ಇಳಿಸಿತು. 1786ರ ಕಾಯಿದೆ ಗವರ್ನರ್ ಜನರಲ್‌ಗೆ ಅಗತ್ಯ ಸಂದರ್ಭದಲ್ಲಿ ಕೌನ್ಸಿಲ್ಲಿನ ಮತವನ್ನು ಮೀರುವ ಅಧಿಕಾರ ಕೊಟ್ಟಿತು. ಆ ಅಧಿಕಾರವಿಲ್ಲದೆ ಭಾರತಕ್ಕೆ ಹೋಗಲಾರೆನೆಂದು ಕಾರ್ನ್‌ವಾಲಿಸ್ ಹೇಳಿದ್ದನು. ಇನ್ನೊಬ್ಬ ಫ್ರಾನ್ಸಿಸ್ ಹುಟ್ಟಿದರೂ ಅವನ ಮಾತಿಗೆ ಬೆಲೆಯಿಲ್ಲದಂತೆ ವ್ಯವಸ್ಥೆಯೇ ಏರ್ಪಾಡಾಯಿತು. 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಯ ಬಳಿಗೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದ ಕಾರ್ನ್‌ವಾಲಿಸ್ ಈ ಅಧಿಕಾರದೊಡನೆ ಆಳಿದವನು. 1799ರಲ್ಲಿ ಆ ಕೋಟೆಯನ್ನು ಕೆಡವಲು ಸೇನೆ ಕಳಿಸಿದ ವೆಲೆಸ್ಲಿಯೂ ಹಾಗೆಯೇ. ತಮ್ಮ ನೆಮ್ಮದಿಗಾಗಿ ಆಳುವವರು ಆಕ್ಷೇಪದ ಕುರ್ಚಿಯನ್ನು ಗಿಡ್ಡ ಮಾಡಿದ ಮೇಲೆ ಬಂದ ಗವರ್ನರ್ ಜನರಲ್‌ಗಳ ಎದುರು ನಮ್ಮ ನಾಡು ನಿಲ್ಲಬೇಕಾಯಿತು.

ನಮ್ಮನ್ನು ನಿಂದಿಸುವವರಿಂದಲೇ ನಮ್ಮ ಕೊಳೆ ತೊಳೆಯುತ್ತದೆ ಎಂಬ ಅರ್ಥದ ಮಾತನ್ನು ಪುರಂದರದಾಸರು ಹಾಡಿದ್ದು ನಮಗೆ ಗೊತ್ತಿದೆ. ಭಜನೆಯಲ್ಲಿ ಅದನ್ನು ಹಾಡುವುದು ಸುಲಭ, ಕಚೇರಿಯಲ್ಲಿ ಬಾಳುವುದು ಕಷ್ಟ. ಕಾಡುವ ಸಹೋದ್ಯೋಗಿ ಹೊರಟುಹೋದಾಗ ಸಂತೋಷಪಡಬೇಡಿ ಎಂದು ನಾನು ಹೇಳಲಾರೆ. ಹೇಸ್ಟಿಂಗ್ಸನ ಆರು ವರ್ಷಗಳನ್ನು ಓದಿದ ಯಾರೂ ಹೇಳಲಾರರು. ಆದರೆ ಆ ಮರುದಿನ ಕಚೇರಿಗೆ ಬಂದಾಗ, ಅವರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಕೆಲವನ್ನಾದರೂ ಇನ್ನು ಯಾರು ಕೇಳುತ್ತಾರೆ ಎಂದು ಒಮ್ಮೆ ಖಾಲಿ ಕುರ್ಚಿಯ ಕಡೆಗೆ ನೋಡುವುದು ಒಳ್ಳೆಯದು.

ಹೇಸ್ಟಿಂಗ್ಸ್ ತನ್ನ ಪೂರ್ವಿಕರ ಊರಾದ ಡೇಲ್ಸ್‌ಫರ್ಡಿನಲ್ಲಿ 1818ರ ಆಗಸ್ಟ್ 22ರಂದು ತೀರಿಕೊಂಡನು. ಫ್ರಾನ್ಸಿಸ್ ಗವರ್ನರ್ ಜನರಲ್ ಆಗಲೇ ಇಲ್ಲ. ಎದುರಾಳಿ ಹೋದ ಮೇಲೆ ಅವನು ಬದುಕಿದ್ದು ನಾಲ್ಕೇ ತಿಂಗಳು.